ಅರ್ಥ ಇಲ್ಲ

ಬಾಗಿಲು ತೆರೆದ ಕೂಡಲೇ ಕೇಳಿದೆ,
ಯಾರು ಮೀನು ಹುರಿದದ್ದು?
ಮೂರು ದಿನದಿಂದ ಬರೀ ಬೇಳೆ, ಅಂದ ಶಂಸು.
ಹಾಗಾದರೆ ನನ್ನ ಮೂಗು ತಪ್ಪಿಲ್ಲ.
ಕಾದ ಬೇಕಲೈಟು
ಹೊತ್ತಿಕೊಳ್ಳುವ ಮುಂಚೆ ಹೀಗೇ ನಾರುತ್ತದೆ,
ಗಂಗೊಳ್ಳಿಯ ದಕ್ಕೆಯಲ್ಲಿ
ಬುಟ್ಟಿ ತೊಳೆಯದೆ ಬಿಸಿಲಿಗೆ ಬಿಟ್ಟ ಹಾಗೆ.

ಮನಾಮಾದ ಗುದೈಬಿಯಾ, ಆಗಸ್ಟು, ಬೆಳಿಗ್ಗೆ ಹತ್ತು.
ಕೊಳ್ಳಲಿರುವವರು ಮುನೀರಾ ಮೇಡಂ, ಶಾಲೆಯ ಟೀಚರು;
ಗೋಡೆ, ತಾರಸಿ, ಕೊಳಾಯಿ, ಕರೆಂಟು
ಎಲ್ಲ ನೋಡಿ ಬರೆದುಕೊಡು ಎಂದು
ನನಗೆ ಮೂವತ್ತು ದಿನಾರು.
ಮಾರುವವರ ಕಡೆಯ ಜಾಫರ್ ಕೀಲಿಗೊಂಚಲು ಆಡಿಸುತ್ತ
ಪ್ಯಾನೆಲ್ ಯಾಕೆ ಬಿಚ್ಚುತ್ತೀ,
ಲೈಟು ಉರೀತಿದೆಯಲ್ಲ, ಅಂದ.

ಉರೀತಿದೆ. ಅದೇ ಭಯ.

ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಇರಬೇಕು, ಇದ್ದದ್ದು ಮೂರು;
ನಾಲ್ಕನೆಯ ತೂತಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ದರು.
ಒಳಗೆ, ಒಂದು ಬ್ರೇಕರಿನ ಬಾಯಿಗೆ ಎರಡು ವೈರು,
ಒಂದೇ ಚಪ್ಪಲಿಗೆ ಎರಡು ಕಾಲು ತುರುಕಿದಂತೆ.
ಹದಿನಾರು ಆಂಪಿಯರಿನ ಜಾಗದಲ್ಲಿ ಮೂವತ್ತೆರಡರದ್ದು.
ಆಗಾಗ ಬೀಳುತ್ತಿತ್ತು, ಅದಕ್ಕೇ ದೊಡ್ಡದು ಹಾಕಿಸಿದೆವು,
ಜಾಫರನಿಗೆ ಹೆಮ್ಮೆ.
ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿ
ನೋಡು, ನಿದ್ದೆ ಬಂತು, ಅಂದಂತೆ.
ನ್ಯೂಟ್ರಲ್ ಪಟ್ಟಿಯ ಕೊನೆಯ ಸ್ಕ್ರೂ ಸಡಿಲ,
ಸುತ್ತ ಪ್ಲಾಸ್ಟಿಕ್ಕು ಸುಟ್ಟ ಬೆಲ್ಲದ ಬಣ್ಣ.
ಮೀನು ಅಲ್ಲಿತ್ತು.

ಕೈಯಲ್ಲಿದ್ದ ಮುಚ್ಚಳ ತಿರುಗಿಸಿದರೆ
ಒಳಮೈಯಲ್ಲಿ, ಪೆನ್ಸಿಲಿನಲ್ಲಿ, ಕನ್ನಡದಲ್ಲಿ:
ಅರ್ಥ ಇಲ್ಲ. ಹೇಳಿದ್ದೇನೆ.
ಮಾದೇವ ಮೊಗೇರ, ಶಿರಾಲಿ. ೯-೬-೦೭.

ನಿಂತುಬಿಟ್ಟೆ.
ಇಷ್ಟು ದೂರ ಬಂದು, ಈ ತಗಡಿನ ಕತ್ತಲಲ್ಲಿ
ಯಾವನೋ ನಮ್ಮ ಕಡೆಯವನು
ಬದುಕಿನ ಮೇಲೇ ಷರಾ ಬರೆದು ಹೋಗಿದ್ದಾನೆ ಅಂದುಕೊಂಡೆ.
ಸಂಬಳ ಬಾರದ ತಿಂಗಳೋ, ಊರಿನಿಂದ ಬಂದ ಫೋನೋ,
ಕಾಣದ ಮನುಷ್ಯನಿಗಾಗಿ
ಒಂದು ನಿಮಿಷ ಮರುಗಿಯೂ ಆಯಿತು.
ಆಮೇಲೆ ಹಸಿರು ವೈರು ಕಂಡಿತು.
ತುದಿ ಕತ್ತರಿಸಿ, ಮಡಚಿ, ಹಿಂದಕ್ಕೆ ಸಿಕ್ಕಿಸಿದ್ದು,
ಎಲ್ಲಿಗೂ ಹೋಗದ್ದು.
ಕಡ್ಡಿ ಇಟ್ಟೆ. ಇನ್ನೂರ ಮೂವತ್ತು ತೋರಿಸಬೇಕಾದ ಮೀಟರು
ಅರವತ್ತೇಳು ಅಂದಿತು, ಎಂಬತ್ತು ಅಂದಿತು,
ನಲವತ್ತಕ್ಕೆ ಇಳಿದು ತಡವರಿಸಿತು.
ಅರ್ತ್ ಇಲ್ಲ.
ಒಂದು ಮಹಾಪ್ರಾಣ ಹೆಚ್ಚಾಗಿತ್ತು, ಮಾದೇವ, ಅಷ್ಟೇ.

ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದಾ, ಕೇಳಿದೆ.
ಹೌದು ಭಾಯ್, ಅಂದ ಶಂಸು, ಹವೆಯ ಮಾತಾಡಿದಂತೆ,
ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುತ್ತೇವೆ.
ಬಚ್ಚಲ ಬಾಗಿಲಲ್ಲಿ ಒಂದೇ ಜೊತೆ, ನೀಲಿ ರಬ್ಬರಿನದ್ದು,
ಒಂಬತ್ತು ಮಂದಿಗೆ.
ಹಿಮ್ಮಡಿ ಸವೆದು ನೆಲ ಕಾಣುತ್ತಿತ್ತು.

ಮೇನ್ ಇಳಿಸಿ ಮೊದಲು ಗೀಸರಿನದ್ದು ಕಿತ್ತೆ.
ಯಾರಿಗೂ ಬೇಸರವಿಲ್ಲ,
ಆಗಸ್ಟಿನಲ್ಲಿ ತಾರಸಿಯ ಟ್ಯಾಂಕೇ ಕುದಿಯುತ್ತದೆ.
ಜೋಡಿ ವೈರಿನದ್ದು ಮಾತ್ರ ಎರಡು ಎಸಿ.
ಒಂದನ್ನು ಬಿಡಿಸಲೇಬೇಕು. ಯಾವ ಕೋಣೆಯದ್ದು?
ಯಾರೂ ಮಾತಾಡಲಿಲ್ಲ.
ರಾತ್ರಿಯಿಡೀ ರೊಟ್ಟಿ ಸುಟ್ಟು ಬಂದ ರಫಿಕುಲ್ ಒಳಗೆ ಮಲಗಿದ್ದ.
ಅವನನ್ನು ಹಾಸಿಗೆ ಸಮೇತ ನಾಲ್ವರು ಎತ್ತಿ
ಪಕ್ಕದ ಕೋಣೆಯಲ್ಲಿಟ್ಟರು.
ಎಚ್ಚರವಾಗಲಿಲ್ಲ.

ಮನೆ ಮಾರಿದರೂ, ಮಾರದೆ ಹೋದರೂ
ಈ ಒಂಬತ್ತು ಹಾಸಿಗೆ ಇಲ್ಲಿ ಉಳಿಯುವುದಿಲ್ಲ.
ನನ್ನ ಫಾರ್ಮಿನಲ್ಲಿ ಅದಕ್ಕೊಂದು ಚೌಕ ಇಲ್ಲ.
ಕೆಂಪು ಚೀಟಿ ಅಂಟಿಸಿದೆ.
ಜಾಫರ್ ಅಂಗಳದಲ್ಲಿ ಫೋನು ಹಿಡಿದು ಯಾರಿಗೋ ಜೋರು ಮಾಡುತ್ತಿದ್ದ.
ಪೆನ್ಸಿಲು ಇರಲಿಲ್ಲ;
ಪೆನ್ನಿನಲ್ಲೇ ಮಾದೇವನ ಕೆಳಗೆ ಬರೆದೆ:
ಓದಿದೆ. ೧೪-೮.
ಬೆಂಕಿಕಡ್ಡಿ ಕಿತ್ತು, ನನ್ನ ಡಬ್ಬಿಯಿಂದ ಒಂದು ಸ್ಕ್ರೂ ತೆಗೆದು ತಿರುಗಿಸಿದೆ.
ತುಸು ಉದ್ದದ್ದು. ಬಲವಂತ ಮಾಡಲಿಲ್ಲ.
ಎರಡು ಸುತ್ತು ಹೊರಗೇ ಉಳಿಯಿತು.